ಗೋಡೆಯ ಬೆನ್ನಿಗೆ ಹನ್ನೊಂದು ತಿಂಗಳು

ನಾನು ನಿವೃತ್ತಳಾದ ದಿನ ಆಫೀಸಿನವರು ಒಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, "ಹೊಸದಾಗಿ ಸೇರುವವರಿಗೆ ನಿಮ್ಮ ಅನುಭವ ಬರೆದುಕೊಡಿ ಮೇಡಂ, ಎರಡು ಪುಟ ಸಾಕು" ಎಂದರು. ಎರಡು ಪುಟದಲ್ಲಿ ಮುಗಿಯುವಂಥದ್ದಾಗಿದ್ದರೆ ಅಲ್ಲೇ ನಿಂತುಕೊಂಡು ಹೇಳಿ ಬರುತ್ತಿದ್ದೆ. ಮುಗಿಯುವುದಿಲ್ಲ ಎಂದು ಗೊತ್ತಿದ್ದೇ ಮನೆಗೆ ಬಂದೆ. ಈಗ ಬರೆಯುತ್ತಿದ್ದೇನೆ. ಯಾವಾಗ ಎಷ್ಟು ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿ ಬರುವುದಿಲ್ಲ. ಅದನ್ನು ಓದಿ ಯಾರೂ ಕೆಲಸ ಕಲಿತದ್ದನ್ನು ನಾನು ಕಂಡಿಲ್ಲ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ರಾಕ್ಷಸರು, ಗುಹೆಗಳು, ಮಂತ್ರವಾದಿಗಳು ಇರುವ ಆಟಗಳಿವೆ. ಅದರಲ್ಲಿ ಐದು ಜನ ಒಂದು ತಂಡವಾಗಿ ಗುಹೆಗೆ ನುಗ್ಗುತ್ತಾರೆ. ಒಬ್ಬ ಗುರಾಣಿ ಹಿಡಿದು ಮುಂದೆ ನಿಂತು ಏಟೆಲ್ಲ ತಿನ್ನುತ್ತಾನೆ. ಮೂವರು ಅಕ್ಕಪಕ್ಕದಿಂದ ಹೊಡೆಯುತ್ತಾರೆ. ಐದನೆಯವರು ಹಿಂದೆ ನಿಂತು ಮಿಕ್ಕ ನಾಲ್ವರ ಗಾಯ ಮಾಯಿಸುತ್ತಾರೆ. ಆ ಐದನೆಯವಳು ನಾನು. ಇಂಗ್ಲಿಷಿನಲ್ಲಿ ಹೀಲರ್ ಎನ್ನುತ್ತಾರೆ. ರಾಮನಗರದ ನಮ್ಮ ಮೊದಲ ಆಫೀಸಿನಲ್ಲಿ ಮುಂದೆ ನಿಲ್ಲುವವನಿಗೆ ಗೋಡೆ, ಹೊಡೆಯುವವರಿಗೆ ಬಡಿಯೋರು, ನನಗೆ ಮದ್ದಿನವಳು ಎನ್ನುತ್ತಿದ್ದರು.

ನಮ್ಮ ಅತ್ತೆಗೆ ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ತಲೆಗೆ ಹತ್ತಲಿಲ್ಲ. ಕೊನೆಗೆ ಅವರು ಬೀದಿಯಲ್ಲೆಲ್ಲ "ನನ್ ಸೊಸೆ ನರ್ಸು ಕಣವ್ವ" ಎಂದು ಹೇಳಿಕೊಂಡು ಬಂದರು. ಒಂದು ದಿನ ಎದುರುಮನೆಯವರು ಜ್ವರ ಬಂದ ಮಗುವನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು. ನಾನು ಒದ್ದೆಬಟ್ಟೆ ಹಾಕಿ, ಆಟೋ ಕರೆಸಿ, ಆಸ್ಪತ್ರೆಗೆ ಕಳಿಸಿದೆ. ಆಮೇಲೂ ಅತ್ತೆ ಮಾತು ಬದಲಿಸಲಿಲ್ಲ.

ಈ ಕೆಲಸಕ್ಕೆ ಬರುವ ಮೊದಲು ನಾನು ಹದಿನಾಲ್ಕು ವರ್ಷ ರೇಷ್ಮೆ ನೂಲು ಬಿಚ್ಚುತ್ತಿದ್ದೆ. ಕುದಿಯುವ ನೀರಿನ ಬೇಸಿನ್ನಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಎಂಟು ಒಂಬತ್ತು ಗೂಡುಗಳ ಎಳೆ ಸೇರಿ ಒಂದು ನೂಲು. ಒಂದು ಗೂಡು ಖಾಲಿಯಾದರೆ ಆ ನೂಲು ತೆಳ್ಳಗಾಗುತ್ತದೆ. ತುಂಡಾಗುವುದಕ್ಕೆ ಮೊದಲೇ ಹೊಸ ಗೂಡಿನ ಎಳೆಯನ್ನು ಅದಕ್ಕೆ ಕೊಡಬೇಕು. ಇಂಥ ಆರು ನೂಲು ಒಬ್ಬೊಬ್ಬರ ಮುಂದೆ ಓಡುತ್ತಿರುತ್ತಿದ್ದವು. "ತೆಳ್ಳಗಾದ ಎಳೆಗೆ ಮೊದಲು ಕೈ" ಎಂದು ನಮ್ಮ ಮೇಸ್ತ್ರಿ ದಿನಕ್ಕೆ ನಲವತ್ತು ಸಲ ಕೂಗುತ್ತಿದ್ದ. ಕೊನೆಕೊನೆಗೆ ಅವನು ಕೂಗಬೇಕಾಗಿರಲಿಲ್ಲ. ಕಣ್ಣು ಹೋಗುವುದಕ್ಕೆ ಮುಂಚೆ ಕೈಯೇ ಹೋಗುತ್ತಿತ್ತು.

ಆ ಕೈ ಬಿಸಿನೀರಿನಲ್ಲಿ ಬೆಂದು ಬೆಂದು ಸುಲಿದುಹೋಯಿತು. ಬೆರಳ ಸಂದಿಯಲ್ಲಿ ರಕ್ತ. "ಇನ್ನೊಂದು ವರ್ಷ ಬೇಸಿನ್ನಿಗೆ ಕೈ ಹಾಕಿದರೆ ಬೆರಳು ಮಡಚಲು ಬರುವುದಿಲ್ಲಮ್ಮ" ಎಂದರು ಡಾಕ್ಟರು. ಅದೇ ವರ್ಷ ನಮ್ಮ ಬೀದಿಯ ರೀಲಿಂಗ್ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಬಿಡದಿ ಕಡೆ ದೊಡ್ಡ ದೊಡ್ಡ ಫ್ಯಾಕ್ಟರಿಗಳು ಏಳುತ್ತಿದ್ದವು, ಗಂಡಸರು ಬೆಳಿಗ್ಗೆ ಬಸ್ಸು ಹತ್ತಿ ಅತ್ತ ಹೋಗುತ್ತಿದ್ದರು. ನನ್ನ ಗಂಡ ತೀರಿಹೋಗಿ ಐದು ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ಒಂಬತ್ತನೇ ಕ್ಲಾಸಿನ ಮಗಳು, ಮತ್ತು ಈ ಎರಡು ಕೈ.

ಮುಚ್ಚಿಹೋದ ಒಂದು ಕಾರ್ಖಾನೆಯ ಮಹಡಿಯ ಮೇಲೆ ಹೊಸ ಆಫೀಸು ಬಂತು. ಟೈಪಿಂಗ್ ಬರುವವರು ಬೇಕಾಗಿದ್ದಾರೆ ಎಂಬ ಬೋರ್ಡು ನೋಡಿ ಹತ್ತಿದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಟೈಪಿಂಗ್ ಕಲಿತಿದ್ದೆ. ಮ್ಯಾನೇಜರ್ ಪ್ರಭಾಕರ್ ಸಾರ್ ಟೈಪಿಂಗ್ ಕೇಳಲೇ ಇಲ್ಲ. ಪರದೆಯ ಮೇಲೆ ಇಪ್ಪತ್ತು ಹಸಿರು ಗೆರೆಗಳನ್ನು ತೋರಿಸಿ, "ಯಾವುದು ಕೆಳಗಿಳಿಯುತ್ತೋ ಅದನ್ನು ಒತ್ತಿ" ಎಂದರು. ನನಗೆ ಮುಂಚೆ ಕೂತಿದ್ದ ಕಂಪ್ಯೂಟರ್ ಕೋರ್ಸಿನ ಹುಡುಗರು ಒಂದನ್ನು ನೋಡುವಷ್ಟರಲ್ಲಿ ಇನ್ನೊಂದನ್ನು ಬಿಟ್ಟಿದ್ದರು. ನಾನು ಒಂದನ್ನೂ ಬಿಡಲಿಲ್ಲ.

"ಎಲ್ಲಿ ಕಲಿತಿರಿ ಇದನ್ನ?" ಎಂದರು ಸಾರ್.

"ಕೆಳಗಡೆ ಸಾರ್, ಬೇಸಿನ್ ಮುಂದೆ."

ಅವರಿಗೆ ಅರ್ಥವಾಗಲಿಲ್ಲ. ಆದರೆ ನಾಳೆಯಿಂದ ಬನ್ನಿ ಎಂದರು.

ಕೆಲಸ ಹೀಗಿತ್ತು. ಪರದೇಶದಲ್ಲಿ ಈ ಆಟದ ಹುಚ್ಚಿರುವವರು ಬಹಳ ಮಂದಿ. ಅವರಿಗೆ ಆಡಲು ಪುರುಸೊತ್ತಿಲ್ಲ, ಆದರೆ ಆಟದೊಳಗಿನ ತಮ್ಮ ಆಳು ಮಾತ್ರ ದೊಡ್ಡವನಾಗಬೇಕು. ಅವರು ತಮ್ಮ ಆಳನ್ನು ನಮ್ಮ ಕೈಗೆ ಕೊಡುತ್ತಿದ್ದರು, ನಾವು ಗುಹೆ ದಾಟಿಸಿ ವಾಪಸ್ ಕೊಡುತ್ತಿದ್ದೆವು. ಆಟ ಮಾಡಿದ ಕಂಪನಿಗೆ ಇದು ಗೊತ್ತಾಗಬಾರದು. ಗೊತ್ತಾದರೆ ಆಚೆ ಹಾಕುತ್ತಾರೆ. ನ್ಯಾಯವೋ ಅನ್ಯಾಯವೋ ಎಂದು ನಾನು ಆಗ ಯೋಚಿಸಲಿಲ್ಲ, ಈಗ ಯೋಚಿಸಿದರೆ ಒಸಿ ನಾಚಿಕೆಯಾಗುತ್ತದೆ. ಅವರ ರಾತ್ರಿ ನಮ್ಮ ಬೆಳಿಗ್ಗೆ. ಹಾಗಾಗಿ ಬೆಳಿಗ್ಗೆ ಆರಕ್ಕೇ ನಮ್ಮ ಪಾಳಿ. ಗೂಡಿನ ಮಾರ್ಕೆಟ್ಟಿಗೆ ರೈತರು ಗೂಡು ತರುವ ಹೊತ್ತಿಗೆ ನಾವು ಒಂದು ರಾಕ್ಷಸನನ್ನು ಮುಗಿಸಿ ಇಡ್ಲಿ ತಿನ್ನುತ್ತಿದ್ದೆವು.

ಮದ್ದಿನವಳ ಬಳಿ ಮುಖ್ಯವಾಗಿ ಮೂರು ಕೀ. ಒಂದನೆಯದು ಸಣ್ಣ ಮದ್ದು, ಒತ್ತಿದ ಕ್ಷಣವೇ ತಾಗುತ್ತದೆ. ಎರಡನೆಯದು ದೊಡ್ಡ ಮದ್ದು, ಅದಕ್ಕೆ ಮೂರು ಸೆಕೆಂಡಿನ ಮಂತ್ರ, ಆ ಮೂರು ಸೆಕೆಂಡು ಬೇರೇನೂ ಮಾಡುವಂತಿಲ್ಲ. ಮೂರನೆಯದು ಸತ್ತವರನ್ನು ಎಬ್ಬಿಸುವುದು. ಅದಕ್ಕೆ ಹತ್ತು ಸೆಕೆಂಡು. ತಂಡದ ಒಬ್ಬೊಬ್ಬರ ಜೀವಕ್ಕೆ ಒಂದೊಂದು ಹಸಿರು ಗೆರೆ, ಏಟು ಬಿದ್ದ ಹಾಗೆಲ್ಲ ಅದು ಇಳಿಯುತ್ತದೆ. ಈ ಮದ್ದುಗಳೆಲ್ಲ ಒಂದು ನೀಲಿ ಗೆರೆಯಿಂದ ಖರ್ಚಾಗುತ್ತವೆ. ನೀಲಿ ಮುಗಿದರೆ ನೀವು ಎಷ್ಟು ಮಂತ್ರ ಕಲಿತಿದ್ದರೂ ಕೈಕಟ್ಟಿ ನಿಲ್ಲಬೇಕು.

ನನ್ನ ಮೊದಲ ವಾರದ ದಡ್ಡತನ ಹೇಳುತ್ತೇನೆ, ನಗಬೇಡಿ. ಗುಹೆಗೆ ಹೋಗುವ ದಾರಿಯಲ್ಲಿ ಯಾವನೋ ಅಪರಿಚಿತ ತೋಳಗಳ ಕೈಗೆ ಸಿಕ್ಕಿ ಸಾಯುತ್ತಿದ್ದ. ನೋಡಿಕೊಂಡು ಹೋಗಲಾಗಲಿಲ್ಲ, ಒಂದು ಮದ್ದು ಹಾಕಿದೆ. ಅವನು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ಮುಂದೆ ಇನ್ನೊಬ್ಬಳು, ಅವಳಿಗೂ ಹಾಕಿದೆ. ಅರ್ಧ ಗಂಟೆಯಲ್ಲಿ ನನ್ನ ಹಿಂದೆ ಏಳೆಂಟು ಜನ ಸಾಲುಗಟ್ಟಿದ್ದರು. ನಮ್ಮ ತಂಡ ಗುಹೆಯ ಬಾಗಿಲಲ್ಲಿ ಕಾಯುತ್ತಿತ್ತು, ನನ್ನ ನೀಲಿ ತಳ ಕಂಡಿತ್ತು.

ಪ್ರಭಾಕರ್ ಸಾರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತು, "ಜಯಮ್ಮ, ಇದು ಸರ್ಕಾರಿ ಆಸ್ಪತ್ರೆ ಅಲ್ಲ" ಎಂದರು.

ಆಫೀಸಿಗೆ ಆಫೀಸೇ ನಕ್ಕಿತು. ಅಂದಿನಿಂದ ಯಾರಿಗೆ ನೆಗಡಿಯಾದರೂ ನನ್ನ ಮುಂದೆ ಕ್ಯೂ ನಿಲ್ಲುವ ತಮಾಷೆ ಶುರುವಾಯಿತು.

ಆ ಪ್ರಭಾಕರ್ ಸಾರ್ ಬಗ್ಗೆ ಒಂದು ಮಾತು. ಅವರಿಗೆ ಆಟ ಬರುತ್ತಿರಲಿಲ್ಲ. ಒಮ್ಮೆ ಆಡಲು ಕೂತು, ಊರಬಾಗಿಲ ಕೆರೆಗೆ ಬಿದ್ದು ಸತ್ತು, ಎದ್ದು ಹೋದವರು ಮತ್ತೆ ಮುಟ್ಟಲಿಲ್ಲ. ಕೈಯಲ್ಲಿ ಒಂದು ಗಡಿಯಾರ ಹಿಡಿದು ಸಾಲುಗಳ ಮಧ್ಯೆ ಓಡಾಡುತ್ತಿದ್ದರು. ಕೆಟ್ಟವರಲ್ಲ. ಹಬ್ಬಕ್ಕೆ ಎಲ್ಲರ ಮನೆಗೂ ಸಿಹಿ ಕಳಿಸುತ್ತಿದ್ದರು. ಆದರೆ ಗಿರಾಕಿ ಮುನಿಸಿಕೊಂಡರೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಇಂಥ ಮೇಲಧಿಕಾರಿ ನಿಮಗೂ ಸಿಗುತ್ತಾನೆ. ಅವನ ಗಡಿಯಾರಕ್ಕೆ ಹೆದರಬೇಡಿ, ಅವನ ಹೆದರಿಕೆಗೆ ಹೆದರಿ.

ಈಗ ಬೀರೇಶನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದೂ ಇಲ್ಲಿಗೆ ಬರಲು ಧೈರ್ಯ ಸಾಲದೆ.

ಬೀರೇಶ ಮರಳವಾಡಿಯವನು. ಮನೆಯಲ್ಲಿ ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ಐಟಿಐ ಮುಗಿಸಿ ಬಿಡದಿಯ ಫ್ಯಾಕ್ಟರಿ ಕೆಲಸಕ್ಕೆ ಕಾದು ಕಾದು, ಸಿಗದೆ ಇಲ್ಲಿಗೆ ಬಂದಿದ್ದ. ಆಗ ಅವನಿಗೆ ಇಪ್ಪತ್ತೆಂಟು. ಅವನೇ ನಮ್ಮ ತಂಡದ ಗೋಡೆ. ಆಫೀಸಿನಲ್ಲಿ ಅವನು ನನಗಿಂತ ಎರಡು ಸಾಲು ಮುಂದೆ ಕೂರುತ್ತಿದ್ದ, ನನಗೆ ಬೆನ್ನು ಹಾಕಿ. ಪರದೆಯಲ್ಲೂ ಅಷ್ಟೇ. ಗೋಡೆ ಮುಂದೆ ಹೋಗುತ್ತದೆ, ಮದ್ದಿನವಳಿಗೆ ಕಾಣುವುದು ಅದರ ಬೆನ್ನು. ಹನ್ನೊಂದು ತಿಂಗಳು ದಿನಕ್ಕೆ ಎಂಟು ಗಂಟೆ ನಾನು ಬೀರೇಶನ ಎರಡು ಬೆನ್ನುಗಳನ್ನು ನೋಡುತ್ತಾ ಕೆಲಸ ಮಾಡಿದೆ.

ಬೇರೆ ಗೋಡೆಗಳು ಎರಡು ಹೆಜ್ಜೆಗೊಮ್ಮೆ ತಿರುಗಿ ಮದ್ದಿನವಳು ಬಂದಳೋ ಇಲ್ಲವೋ ಎಂದು ನೋಡುತ್ತಿದ್ದರು. ಬೀರೇಶ ಒಂದು ಸಲವೂ ತಿರುಗಲಿಲ್ಲ. ಸೊಕ್ಕೇನೋ ಎಂದುಕೊಂಡು ಒಂದು ದಿನ ಟೀ ಕುಡಿಯುವಾಗ ಕೇಳಿಯೇಬಿಟ್ಟೆ.

"ಸೊಕ್ಕಲ್ಲ ಕಣಕ್ಕ. ಕುರಿ ಮುಂದೆ ಹೋಗೋನು ಹಿಂದಕ್ ತಿರುಗಬಾರ್ದು. ತಿರುಗಿದ್ರೆ ಕುರಿ ನಿಂತ್ಕಂಡ್ ಬುಡ್ತವೆ. ಬತ್ತಾವೆ ಅಂತ ನಂಬ್ಕಂಡು ಹೋಯ್ತಾ ಇರ್ಬೇಕು."

"ಹಂಗಾದ್ರೆ ನಾನೊಂದು ಕುರಿ ಅಂತೀಯ?"

"ನೀನಿಲ್ಲದಿದ್ರೆ ನಾನೇ ಬಲಿ ಕುರಿ ಕಣಕ್ಕ" ಎಂದು ನಕ್ಕ.

ಬಡಿಯೋರಲ್ಲಿ ಚನ್ನಪಟ್ಟಣದ ಮಹದೇವ ಎಂಬುವನಿದ್ದ. ಮೊದಲು ಅರಗಿನ ಗೊಂಬೆ ಕಡೆಯುತ್ತಿದ್ದವನು, ಕೈ ಮಿಂಚಿನಂಥದ್ದು, ತಾಳ್ಮೆ ಮಾತ್ರ ಇಲ್ಲ. ಆಟದಲ್ಲಿ ಪ್ರತಿಯೊಬ್ಬನ ಸೊಂಟದಲ್ಲೂ ಒಂದು ಮದ್ದಿನ ಬಾಟಲಿ ಇರುತ್ತದೆ. ಒಂದು ಕಾಳಗಕ್ಕೆ ಒಂದೇ ಸಲ ಕುಡಿಯಬಹುದು, ತೀರಾ ಪ್ರಾಣಕ್ಕೆ ಬಂದಾಗ. ಮಹದೇವ ಅದನ್ನು ಕಾಳಗ ಶುರುವಾಗುವ ಮೊದಲೇ ಟೀ ಕುಡಿದ ಹಾಗೆ ಕುಡಿದುಬಿಡುತ್ತಿದ್ದ. ಬೀರೇಶ ಅದನ್ನು ಮುಟ್ಟಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ಒಂದು ದಿನ ಕಾಳಗದ ನಡುವೆ ಕರೆಂಟು ಹೋಯಿತು. ನಮ್ಮಲ್ಲಿ ಸಾಲಿಗೊಂದು ಬ್ಯಾಟರಿ. ಹಿಂದಿನ ಸಾಲುಗಳ ಬ್ಯಾಟರಿ ಹಿಡಿಯಿತು, ಬೀರೇಶನ ಸಾಲಿನದು ಕೈಕೊಟ್ಟಿತು. ಅವನ ಪರದೆ ಕತ್ತಲು. ಆಟದೊಳಗೆ ಅವನ ಆಳು ಗುರಾಣಿಯನ್ನೂ ಎತ್ತದೆ ಕಂಬದ ಹಾಗೆ ನಿಂತಿದೆ, ಎದುರಿಗೆ ಎರಡು ತಲೆಯ ದೈತ್ಯ ಅಗಸ ಬಟ್ಟೆ ಒಗೆಯುವ ಹಾಗೆ ಬಡಿಯುತ್ತಿದ್ದಾನೆ. ನಾನು ಒಂದನೇ ಕೀ ಮೇಲೆ ಬೆರಳಿಟ್ಟವಳು ಎತ್ತಲಿಲ್ಲ. ಬಡಿತಕ್ಕೊಂದು ಮದ್ದು, ಬಡಿತಕ್ಕೊಂದು ಮದ್ದು. ಜನರೇಟರ್ ಶುರುವಾಗಿ ಅವನ ಪರದೆ ಬೆಳಗುವ ಹೊತ್ತಿಗೆ ನನ್ನ ನೀಲಿಯಲ್ಲಿ ಇನ್ನೊಂದು ಮದ್ದಿಗಾಗುವಷ್ಟು ಉಳಿದಿತ್ತು. ಇಡೀ ಆಫೀಸು ಎದ್ದು ನಿಂತು ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿತು. ಬೀರೇಶ ಮಾತ್ರ ತಿರುಗಲಿಲ್ಲ. ಕೂತಲ್ಲಿಂದಲೇ ಬಲಗೈ ಮೇಲೆತ್ತಿ ಒಂದು ಸಲ ಆಡಿಸಿದ.

ಸಂಜೆ ಮೆಟ್ಟಿಲಿಳಿಯುವಾಗ ಮಹದೇವನಿಗೆ ಅವನು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ನಮ್ಮಕ್ಕ ಹಿಂದೆ ಇದ್ರೆ ಕರೆಂಟು ಹೋದ್ರೂ ಜೀವ ಹೋಗಾಕಿಲ್ಲ ಕಣ್ಲಾ."

ಹದಿನಾಲ್ಕು ವರ್ಷ ಬೇಸಿನ್ನಿನ ಮುಂದೆ ಕೂತಿದ್ದೆ. ನೂಲು ತುಂಡಾದರೆ ಬೈದವರಿದ್ದರು. ತುಂಡಾಗದೆ ಉಳಿದದ್ದಕ್ಕೆ ಒಳ್ಳೆಯ ಮಾತಾಡಿದವರು ಒಬ್ಬರೂ ಇರಲಿಲ್ಲ. ಆ ದಿನ ಮನೆಗೆ ನಡೆದುಕೊಂಡು ಹೋಗುವಾಗ ಬಹಳ ಸಂತೋಷವಾಗಿತ್ತು.

ಹನ್ನೊಂದನೇ ತಿಂಗಳಲ್ಲಿ ಒಬ್ಬ ದೊಡ್ಡ ಗಿರಾಕಿ ಬಂದ. ಅವನ ಆಳು ಇದ್ದದ್ದು ಒಂದೇ ಜೀವದ ಲೋಕದಲ್ಲಿ. ಅಲ್ಲಿ ಸತ್ತರೆ ಸತ್ತ ಹಾಗೇ. ಮೂರನೇ ಕೀ ಕೆಲಸ ಮಾಡುವುದಿಲ್ಲ. ಗುರಾಣಿ ಹಿಡಿದ ಆ ಆಳನ್ನು ಬೀರೇಶ ನಡೆಸಬೇಕು, ಒಂದು ಸರ್ಪದ ಗುಹೆ ದಾಟಿಸಬೇಕು. ಮಿಕ್ಕ ನಾಲ್ವರು ನಮ್ಮ ಆಫೀಸಿನ ಆಳುಗಳು. "ನಾಲ್ಕು ವರ್ಷ ಸಾಕಿದ್ದೇನೆ, ಜೋಪಾನ" ಎಂದು ಗಿರಾಕಿ ಬರೆದಿದ್ದನ್ನು ಪ್ರಭಾಕರ್ ಸಾರ್ ನಮಗೆ ಓದಿ ಹೇಳಿದರು.

"ಪರದೇಶದೋರು ಗೊಂಬೇನೂ ಸಾಕ್ತಾರಾ?" ಎಂದ ಮಹದೇವ.

"ಸಾಕಿದ್ದು ಅಂದ್ರೆ ಸಾಕಿದ್ದೇ ಕಣ್ಲಾ. ಕುರಿಯಾದ್ರೇನು, ಗೊಂಬೆಯಾದ್ರೇನು" ಎಂದ ಬೀರೇಶ. ಆ ದಿನ ಅವನು ಕೀಬೋರ್ಡಿಗೆ ಕೈಮುಗಿದು ಕೂತ.

ಸರ್ಪ ಮುಕ್ಕಾಲು ಸೋತಿತ್ತು. ಆಗ ಅದು ಬಾಲ ಬೀಸಿತು. ಮಹದೇವ ಹಿಂದೆ ಸರಿಯುವುದು ಬಿಟ್ಟು ಇನ್ನೊಂದೇಟಿಗೆ ಆಸೆಪಟ್ಟು ನಿಂತಿದ್ದ, ಬಾಟಲಿ ಆಗಲೇ ಕುಡಿದಿದ್ದ. ಅವನ ಹಸಿರು ಒಂದು ಕೂದಲೆಳೆಯಷ್ಟಾಯಿತು. ಬೀರೇಶನ ಹಸಿರು ಅರ್ಧ ಇತ್ತು.

ಈ ಕೆಲಸದ ಮೊದಲ ಪಾಠವೇ ಇದು. ಮೊದಲು ಗೋಡೆ, ಆಮೇಲೆ ಮಿಕ್ಕವರು. ಬಡಿಯೋನು ಸತ್ತರೆ ಒಬ್ಬ ಸತ್ತ, ಅವನ ಆಳು ಆಫೀಸಿನದು, ನಾಳೆ ಇನ್ನೊಂದು ಮಾಡಬಹುದು. ಗೋಡೆ ಸತ್ತರೆ ಎಲ್ಲ ಸತ್ತ ಹಾಗೆ. ನನಗೆ ಇದು ಗೊತ್ತಿರಲಿಲ್ಲವೇ? ನಿದ್ದೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದೆ. ಆದರೆ ಕಣ್ಣಿಗೆ ತೆಳ್ಳಗಾದ ಎಳೆ ಕಂಡಿತು, ಹದಿನಾಲ್ಕು ವರ್ಷದ ಕೈ ತಾನಾಗಿ ಅಲ್ಲಿಗೆ ಹೋಯಿತು. ಮಹದೇವನ ಮೇಲೆ ಎರಡನೇ ಕೀ ಒತ್ತಿದೆ. ಮೂರು ಸೆಕೆಂಡಿನ ಮಂತ್ರ. ಒಂದನೇ ಸೆಕೆಂಡಿಗೆ ಸರ್ಪ ಬೀರೇಶನನ್ನು ಕಚ್ಚಿತು. ಎರಡನೆಯದಕ್ಕೆ ಮತ್ತೆ ಕಚ್ಚಿತು. ಮಂತ್ರ ಮುಗಿದು ಮಹದೇವನ ಹಸಿರು ತುಂಬಿ ಬಂದಾಗ ಗೋಡೆ ಉರುಳಿತ್ತು.

ಒಂದನೇ ಕೀ ಒತ್ತಿದೆ. ಮೂರನೇ ಕೀ ಒತ್ತಿದೆ. ಆಗುವುದಿಲ್ಲ ಎಂದು ಗೊತ್ತಿದ್ದೂ ಒತ್ತುತ್ತಲೇ ಇದ್ದೆ. ಮಹದೇವ ನನ್ನ ಪಕ್ಕದ ಕುರ್ಚಿಯಿಂದ ಮೆಲ್ಲಗೆ, "ಅಯ್ಯೋ, ನನ್ನ ಯಾಕಕ್ಕ ಉಳ್ಸಾಕೋದೆ?" ಎಂದ.

ಅರ್ಧ ಗಂಟೆಯಲ್ಲಿ ಗಿರಾಕಿಯ ಈಮೇಲ್ ಬಂತು. ಪ್ರಭಾಕರ್ ಸಾರ್ ಐವರನ್ನೂ ಕ್ಯಾಬಿನ್ನಿಗೆ ಕರೆದರು. ಪರದೆಯ ಮೇಲೆ ನಡೆದದ್ದನ್ನು ಉಳಿಸಿಡುವ ಪದ್ಧತಿ ಆಗ ನಮ್ಮಲ್ಲಿರಲಿಲ್ಲ. ನಾವು ಹೇಳಿದ್ದೇ ಸಾಕ್ಷಿ.

"ಯಾರ ತಪ್ಪು? ನಾನು ಗಿರಾಕಿಗೆ ಒಂದು ಹೆಸರು ಹೇಳಬೇಕು. ಅವರು ಇನ್ನು ಕೆಲಸದಲ್ಲಿ ಇರೋದಿಲ್ಲ ಅಂತಲೂ ಬರೆಯಬೇಕು."

ನಾನು ಬಾಯಿ ತೆರೆದೆ ಎಂದು ಬರೆಯಲು ಬಹಳ ಆಸೆಯಿದೆ. ತೆರೆಯಲಿಲ್ಲ. ನನ್ನ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ನೆಲ ನೋಡುತ್ತಾ ನಿಂತಿದ್ದೆ. ಬೇಸಿನ್ನಿನ ನೀರು, ಮಗಳ ಶಾಲೆ, ಡಾಕ್ಟರ ಮಾತು, ಇವೇ ತಲೆಯಲ್ಲಿ ತಿರುಗುತ್ತಿದ್ದವು. ಮಹದೇವ ನನ್ನ ಕಡೆ ನೋಡಿ, ಆಮೇಲೆ ಗೋಡೆ ಗಡಿಯಾರ ನೋಡಿದ.

"ನಂದೇ ಸಾರ್" ಎಂದ ಬೀರೇಶ. "ಒಂದೆಜ್ಜೆ ಮುಂದಕ್ಕೆ ನುಗ್ಬುಟ್ಟೆ. ಅಲ್ಲಿಗಂಟ ಅಕ್ಕನ ಮದ್ದು ಬರಾಕಿಲ್ಲ."

ಸಾರ್ ನಂಬಿದರು, ಅವನನ್ನು ಅವತ್ತೇ ಕೆಲಸದಿಂದ ತೆಗೆದರು. ಅವರಿಗೆ ಆಟ ಬರುತ್ತಿದ್ದರೆ ನಂಬುತ್ತಿರಲಿಲ್ಲ. ಆ ಗುಹೆಯಲ್ಲಿ ಮದ್ದು ಎಲ್ಲಿಗಾದರೂ ತಲುಪುತ್ತಿತ್ತು.

ಮೆಟ್ಟಿಲ ತಿರುವಿನಲ್ಲಿ ಅವನನ್ನು ಹಿಡಿದೆ. "ಯಾಕೋ ಹಂಗಂದೆ?"

"ನಿನ್ ಕೈ ನೋಡ್ಕೊ ಅಕ್ಕ. ನೀನು ಬೇಸಿನ್ನಿಗೆ ವಾಪಸ್ ಹೋಗಂಗಿಲ್ಲ. ನಂಗೇನು, ಕುರಿ ಅವೆ."

"ನಾಳೆ ನಾನೇ ಸಾರ್ ಹತ್ರ ಹೋಗಿ ನಿಜ ಹೇಳ್ತೀನಿ."

"ಹೇಳ್ಬ್ಯಾಡ. ಈಗ ಹೇಳಿದ್ರೂ ಸುಳ್ಳೇಳಿದ್ದಕ್ಕೆ ನನ್ನ ವಾಪಸ್ ತಗಳಾಕಿಲ್ಲ, ತಪ್ಪಿಗೆ ನೀನೂ ಹೋಯ್ತೀಯ. ಇರ್ಲಿ ಬುಡು. ಬತ್ತೀನಿ."

ಊಟದ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಹೋದ. ನಾನು ಮೇಲೆ ನಿಂತು ಅವನ ಬೆನ್ನು ನೋಡಿದೆ. ಮಾರನೆಯ ದಿನ ಕ್ಯಾಬಿನ್ನಿನ ಬಾಗಿಲವರೆಗೆ ಹೋದೆ. "ಏನು ಜಯಮ್ಮ?" ಎಂದರು ಸಾರ್. "ಟೀ ಗ್ಲಾಸು ತಗೊಂಡು ಹೋಗೋಣ ಅಂತ ಬಂದೆ ಸಾರ್" ಎಂದು ಖಾಲಿ ಗ್ಲಾಸು ಎತ್ತಿಕೊಂಡು ಬಂದೆ.

ಆಮೇಲಿನದನ್ನು ಬೇಗ ಹೇಳುತ್ತೇನೆ. ಎರಡು ವರ್ಷಕ್ಕೆ ಆಟದ ಕಂಪನಿಯವರು ನಮ್ಮನ್ನು ಪತ್ತೆ ಹಚ್ಚಿ ಆಚೆ ಹಾಕಿದರು, ಆಫೀಸು ಮುಚ್ಚಿತು. ಪ್ರಭಾಕರ್ ಸಾರ್ ನಮ್ಮಲ್ಲಿ ಕೆಲವರನ್ನು ಇನ್ನೊಂದು ಕಂಪನಿಗೆ ಸೇರಿಸಿದರು. ಅಲ್ಲಿ ನೇರವಾದ ಕೆಲಸ. ಹೊಸ ಆಟಗಳು ಮಾರುಕಟ್ಟೆಗೆ ಬರುವ ಮೊದಲು ಆಡಿ ನೋಡಿ ದೋಷ ಹೇಳುವುದು. ನಿವೃತ್ತಿಯವರೆಗೂ ನಾನು ಮದ್ದಿನವರನ್ನೇ ಪರೀಕ್ಷಿಸಿದೆ. ಮದ್ದು ತಡವಾಗಿ ತಾಗುತ್ತದೆಯೇ, ಕಲ್ಲುಗೋಡೆಯಾಚೆಗೂ ತಾಗುತ್ತದೆಯೇ, ಸತ್ತವರ ಬದಲು ಕಲ್ಲಿನ ಕಂಬ ಎದ್ದು ಕೂರುತ್ತದೆಯೇ. ಕೊನೆಯದು ನಿಜವಾಗಿ ಒಂದು ಆಟದಲ್ಲಿ ಆಯಿತು. ಕಂಬ ನಮ್ಮ ಹಿಂದೆಯೇ ಊರೆಲ್ಲ ತಿರುಗಿತು.

ಕ್ರಮಗಳೂ ಬದಲಾದವು. ಮೊದಲು ಮಾತೆಲ್ಲ ಟೈಪು ಮಾಡಬೇಕಿತ್ತು, ಆಮೇಲೆ ಬಾಯಿಗೆ ಮೈಕು ಬಂತು. ಮೊದಲು ಹಸಿರು ಗೆರೆಯನ್ನು ಕಣ್ಣಿನಿಂದ ಅಳೆಯುತ್ತಿದ್ದೆವು, ಆಮೇಲೆ ಯಾರಿಗೆ ಯಾವ ಮದ್ದು ಎಂದು ಪರದೆಯೇ ಮಿನುಗಿ ಹೇಳತೊಡಗಿತು. ಈಗಿನ ಎಷ್ಟೋ ಆಟಗಳಲ್ಲಿ ಮದ್ದಿನವರೇ ಇಲ್ಲ. ಒಂದು ಬಂಡೆಯ ಹಿಂದೆ ಅವಿತು ಕೂತರೆ ಗಾಯ ತಾನಾಗಿ ಮಾಯುತ್ತದೆ. ಅನುಕೂಲವೇ. ಆದರೆ ನನಗೆ ಅದು ಒಬ್ಬರೇ ಕೂತು ಊಟ ಮಾಡಿದ ಹಾಗೆ ಅನಿಸುತ್ತದೆ.

ಈ ಇಪ್ಪತ್ತು ವರ್ಷದಲ್ಲಿ ಎಷ್ಟೋ ಗೋಡೆಗಳ ಹಿಂದೆ ನಿಂತೆ. ಬೀರೇಶನಿಗಿಂತ ಚುರುಕಾದವರಿದ್ದರು. ಅವರು ಬೇಗ ಕಲಿಯುತ್ತಿದ್ದರು, ಚೆನ್ನಾಗಿ ಆಡುತ್ತಿದ್ದರು, ಎರಡು ಹೆಜ್ಜೆಗೊಮ್ಮೆ "ಹೀಲ್, ಹೀಲ್" ಎಂದು ಕೂಗುತ್ತಿದ್ದರು. ಹೊಸ ಗುಹೆಯ ಬಾಗಿಲಲ್ಲಿ ಹೊಸ ಗೋಡೆ ಮುಂದೆ ಹೆಜ್ಜೆಯಿಟ್ಟಾಗಲೆಲ್ಲ, ಇವನು ತಿರುಗದೇ ಇರಬಹುದು ಎಂದು ಕಾಯುತ್ತಿದ್ದೆ. ತಿರುಗುತ್ತಿದ್ದರು. ಅವನ ನೆನಪು ಬಾರದ ಕಾಳಗ ಒಂದೂ ಇಲ್ಲ. ಅವನ ಬೆನ್ನು ಮತ್ತೊಂದು ಸಲ ನೋಡಬೇಕು, ಆವತ್ತು ನುಂಗಿದ ಮಾತನ್ನು ಅವನ ಮುಂದೆ ಹೇಳಬೇಕು, ಇವೆರಡು ಬಿಟ್ಟರೆ ನನಗೆ ಈ ಕೆಲಸದಿಂದ ಬೇರೇನೂ ಬೇಕಿರಲಿಲ್ಲ.

ಹೊಸಬರಿಗೆ ಪಾಠ ಹೇಳುವಾಗ ಮೊದಲ ದಿನವೇ "ಒಂದನೇ ಕೀ ಗೋಡೆಗೆ" ಎಂದು ಬರೆಸುತ್ತಿದ್ದೆ. ಜಯಮ್ಮನ ರೂಲು ಎಂದು ಅದಕ್ಕೆ ಹೆಸರೇ ಬಿತ್ತು. ಎಲ್ಲಿ ಕಲಿತಿರಿ ಎಂದು ಕೇಳಿದರೆ ಅನುಭವ ಎನ್ನುತ್ತಿದ್ದೆ. ಬೀರೇಶನ ಊರು ಗೊತ್ತಿತ್ತು. ಒಮ್ಮೆ ಹಾರೋಹಳ್ಳಿವರೆಗೆ ಬಸ್ಸಿನಲ್ಲಿ ಹೋಗಿ, ಇಳಿದು, ಒಂದು ಎಳನೀರು ಕುಡಿದು, ಬಂದ ಬಸ್ಸಿಗೇ ವಾಪಸ್ ಬಂದೆ. ಏನೆಂದು ಮುಖ ತೋರಿಸುವುದು ಎಂಬ ನಾಚಿಕೆ ಕಾಲು ಕಟ್ಟಿತ್ತು.

ಶಾಲು ಹೊದಿಸಿಕೊಂಡು ಮನೆಗೆ ಬಂದ ಮರುವಾರ ಮತ್ತೆ ಹೊರಟೆ. ಈ ಸಲ ಹಾರೋಹಳ್ಳಿಯಲ್ಲಿ ಇಳಿಯಲಿಲ್ಲ, ಮರಳವಾಡಿಗೇ ಟಿಕೆಟ್ ತೆಗೆದೆ. ದಾರಿಯುದ್ದಕ್ಕೂ ತಗಡಿನ ಶೆಡ್ಡುಗಳು, ಕಾಂಪೌಂಡುಗಳು, ಲಾರಿಗಳು. ಊರ ಬಾಗಿಲಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸನ್ನು ಕುರಿ ಬೀರೇಶನ ಮನೆ ಎಲ್ಲಿ ಎಂದು ಕೇಳಿದೆ.

"ಕುರಿ ಎಲ್ಲೈತವ್ವ ಈಗ? ಮೇಯಾಕೆ ಜಾಗ ಎಲ್ಲೈತೆ? ಗೇಟ್ ಬೀರೇಶಣ್ಣನ್ನ ಕೇಳ್ತಿದ್ದೀಯೇನೋ. ಆ ಫ್ಯಾಕ್ಟರಿ ತಾವ ಅವ್ರೆ ನೋಡು."

ನೀಲಿ ಯೂನಿಫಾರಂ ಹಾಕಿಕೊಂಡು ಗೇಟಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ, ರಸ್ತೆಗೆ ಬೆನ್ನು ಹಾಕಿ. ಕೂದಲು ನರೆತಿತ್ತು. ಮುಖ ನೋಡಬೇಕಾಗಿರಲಿಲ್ಲ.

"ಬೀರೇಶ" ಎಂದೆ.

ಧ್ವನಿಗೇ ಗುರುತು ಹಿಡಿದ. "ಜಯಕ್ಕ!" ಎಂದು ಎದ್ದವನು ಸ್ಟೂಲನ್ನು ತನ್ನ ಟವೆಲಿನಿಂದ ಒರೆಸಿ ನನ್ನನ್ನು ಕೂರಿಸಿದ. ಟೀ ತರಿಸಿದ. ಮಗಳಿಗೆ ಮದುವೆಯಾಯಿತೇ, ಅತ್ತೆ ಇದ್ದಾರೆಯೇ, ಕೈ ಹೇಗಿದೆ ಎಂದು ಕೇಳಿದ. ಕೈ ಚಾಚಿ ತೋರಿಸಿದೆ. ಚರ್ಮ ಎಂದೋ ಮಾಯ್ದಿತ್ತು. ಅದನ್ನು ನೋಡಿ ಅವನಿಗೆ ಆದ ಸಂತೋಷ ನೋಡಲಾರದೆ ನಾನು ಅಲ್ಲೇ ಅಳಲು ಶುರುಮಾಡಿದೆ.

"ಅವತ್ತು ತಪ್ಪು ನಂದು ಕಣೋ. ಮಾದೇವನ ಎಳೆ ತೆಳ್ಳಗಾಗಿತ್ತು, ಕೈ ಅಲ್ಲಿಗೋಯ್ತು. ನಿನ್ನ ಬುಟ್ಬುಟ್ಟೆ. ಆಮೇಲೆ ಬಾಯೂ ಬಿಡಲಿಲ್ಲ."

"ಗೊತ್ತು ಕಣಕ್ಕ. ಅವತ್ತೇ ಗೊತ್ತಿತ್ತು. ಮಾದೇವನ ಹಸಿರು ಏರಿದ್ದು ನನ್ ಪರದೇಲೂ ಕಾಣ್ತಿತ್ತಲ್ಲ."

ಗೇಟಿಗೆ ಬಂದ ಲಾರಿಯೊಂದನ್ನು ಒಳಗೆ ಬಿಟ್ಟು, ಸರಪಳಿ ಹಾಕಿ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ನಾನೂ ಒಂದ್ ಮಾತು ಹೇಳಿಲ್ಲ ನಿಂಗೆ. ಬಾಟ್ಲಿ ಇತ್ತು ಕಣಕ್ಕ. ಮೊದಲ ಸಲ ಕಚ್ಚಿದಾಗ್ಲೇ ಬೆರಳು ಅದ್ರ ಮ್ಯಾಲೇ ಇತ್ತು."

"ಮತ್ಯಾಕೋ ಒತ್ತಲಿಲ್ಲ?"

"ನೀನ್ ಬತ್ತೀಯ ಅಂತ."

ಹೇಳುತ್ತಲೇ ಹೋದ, "ಒಂದ್ ಸಲ ಕುಡಿದ್ರೆ ನಿನ್ ಮ್ಯಾಲೆ ನಂಬ್ಕೆ ಇಲ್ಲ ಅಂದಂಗೆ ಆಯ್ತದೆ ಅಂತ ಅದೇನೋ ಹಠ. ಸಾರ್‌ಗೆ ನಂದೇ ತಪ್ಪು ಅಂದಿದ್ದು ಪೂರ್ತಿ ಸುಳ್ಳೇನಲ್ಲ ಕಣಕ್ಕ. ಅಳ್ಬ್ಯಾಡ. ಬಂದೆಯಲ್ಲ."

ಅವನ ಪಾಳಿ ಮುಗಿದ ಮೇಲೆ ಬಸ್ ಸ್ಟಾಪಿನವರೆಗೆ ಬಿಡಲು ಬಂದ. ಫುಟ್‌ಪಾತ್ ಇಲ್ಲದ ರಸ್ತೆ, ಎರಡು ಕಡೆಯಿಂದಲೂ ಲಾರಿಗಳು. "ನನ್ ಹಿಂದೇನೇ ಬಾ ಅಕ್ಕ" ಎಂದು ಮುಂದೆ ನಡೆದ. ಯೂನಿಫಾರಂ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು, ನಡಿಗೆ ಒಸಿ ನಿಧಾನವಾಗಿತ್ತು, ಆದರೆ ಅದೇ ಬೆನ್ನು. ನಾನು ನಾಲ್ಕು ಹೆಜ್ಜೆ ಹಿಂದೆ. ಒಂದು ಕಂಟೇನರ್ ಲಾರಿ ಅವನ ಮಗ್ಗುಲನ್ನು ಸವರಿಕೊಂಡು ಹೋದಾಗ ಬ್ಯಾಗಿನ ಹಿಡಿಯ ಮೇಲಿದ್ದ ನನ್ನ ಬೆರಳು ತಾನಾಗಿ ಒಂದನೇ ಕೀ ಒತ್ತಿತು.

ಸ್ಟಾಪು ಬರುವವರೆಗೂ ಅವನು ಒಂದು ಸಲವೂ ಹಿಂದಕ್ಕೆ ತಿರುಗಿ ನೋಡಲಿಲ್ಲ.